ಅಪ್ಪನ ಬಿಪಿ ಮಾತ್ರೆ ಮತ್ತು ಯೂರೋಪ್ ಪ್ರವಾಸದ ವಿಮೆ

ವಿದೇಶಕ್ಕೆ ಹೊರಡುವ ಮನೆಗಳಲ್ಲಿ ವಿಮೆಗೆ ಸಿಗುವ ಸಮಯ ತುಂಬಾ ಕಡಿಮೆ. ವಿಮಾನದ ಟಿಕೆಟ್‌ಗೆ ವಾರಗಟ್ಟಲೆ ಬೆಲೆ ನೋಡುತ್ತೇವೆ. ಹೋಟೆಲಿನಲ್ಲಿ ಬೆಳಗಿನ ತಿಂಡಿ ಇದೆಯಾ, ಸಸ್ಯಾಹಾರ ಸಿಗುತ್ತಾ ಅಂತ ಹತ್ತು ಜನರನ್ನು ಕೇಳುತ್ತೇವೆ. ವಿಮೆಯನ್ನು ಮಾತ್ರ ವೀಸಾ ಅಪಾಯಿಂಟ್‌ಮೆಂಟಿನ ಹಿಂದಿನ ರಾತ್ರಿ ಕೊಳ್ಳುತ್ತೇವೆ. ಫೈಲಿಗೆ ಸೇರಿಸಬೇಕಾದ ಇನ್ನೊಂದು ಕಾಗದ, ಅಷ್ಟೇ. ವೆಬ್‌ಸೈಟಿನಲ್ಲಿ ಬೆಲೆ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ಮೇಲಿನ ಸಾಲನ್ನು ಒತ್ತಿದರೆ ಕೆಲಸ ಮುಗಿಯಿತು.

ಕಡಿಮೆ ಬೆಲೆಗೆ ಹುಡುಕುವುದರಲ್ಲಿ ತಪ್ಪೇನಿಲ್ಲ. ನಾವು ಮನೆಯಲ್ಲಿ ಆರು ಜನ. ನಾವಿಬ್ಬರು, ಇಬ್ಬರು ಮಕ್ಕಳು, ಅಪ್ಪ, ಅಮ್ಮ. ಬೇಸಿಗೆ ರಜೆಯಲ್ಲಿ ಸ್ವಿಟ್ಜರ್‌ಲೆಂಡ್ ಮತ್ತು ಇಟಲಿ ನೋಡಿಬರೋಣ ಅಂತ ಹೊರಟಾಗ ಎಲ್ಲ ಲೆಕ್ಕವನ್ನೂ ಆರರಿಂದ ಗುಣಿಸಬೇಕಾಯಿತು. ಹಾಗಾಗಿ ದುಬಾರಿ ಪಾಲಿಸಿಯೇ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಆದರೆ ಹಣ ಉಳಿಸುವ ಜಾಗ ಯಾವುದು ಅನ್ನುವುದು ಮುಖ್ಯ. ವಿಮೆಯಲ್ಲಿ ಬೇಡದ ಸೌಲಭ್ಯಗಳು ಬೇಕಾದಷ್ಟಿವೆ. ಅವನ್ನು ಬಿಟ್ಟು ಉಳಿಸಬಹುದು. ಮನೆಯ ಹಿರಿಯರ ಕಾಯಿಲೆಯನ್ನು ಮುಚ್ಚಿಟ್ಟು ಅಥವಾ ಅವರ ಆಸ್ಪತ್ರೆ ಖರ್ಚಿನ ಮೊತ್ತವನ್ನು ಇಳಿಸಿ ಉಳಿಸಬಾರದು. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಮಾತ್ರ ಇದರ ಉಲ್ಟಾ.

ಯೂರೋಪಿನ ಹಲವು ದೇಶಗಳಿಗೆ ಸೇರಿ ಸಿಗುವ ಒಂದೇ ವೀಸಾ ಷೆಂಗೆನ್. ಅದಕ್ಕೆ ವಿಮೆ ಕಡ್ಡಾಯ. ಕನಿಷ್ಠ 30,000 ಯೂರೋ ರಕ್ಷಣೆ ಇರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 30 ಲಕ್ಷ ರೂಪಾಯಿ. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಕಾಯಿಲೆ ಬಿದ್ದವರನ್ನು ಊರಿಗೆ ಕರೆತರುವ ಖರ್ಚು, ತೀರಿಕೊಂಡರೆ ದೇಹವನ್ನು ತರಿಸುವ ಖರ್ಚು, ಇಷ್ಟೂ ಅದರಲ್ಲಿ ಸೇರಿರಬೇಕು. ಷೆಂಗೆನ್ ವಲಯದ 29 ದೇಶಗಳಲ್ಲೂ, ನಾವು ಅಲ್ಲಿರುವ ಅಷ್ಟೂ ದಿನ ಅದು ನಡೆಯಬೇಕು. ಸ್ವಿಟ್ಜರ್‌ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಷೆಂಗೆನ್‌ನಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿ ಇಲ್ಲ. ಲಂಡನ್ ಕೂಡ ನೋಡಿಕೊಂಡು ಬರುವವರು ಪಾಲಿಸಿಯಲ್ಲಿ ದೇಶಗಳ ಪಟ್ಟಿಯನ್ನು ಒಮ್ಮೆ ನೋಡಬೇಕು. ಸುಮ್ನೆ ಷೆಂಗೆನ್ ಪ್ಲಾನ್ ತೆಗೆದುಕೊಂಡರೆ ಲಂಡನ್ನಿನ ದಿನಗಳು ಅದರಲ್ಲಿ ಸೇರದೇ ಹೋಗಬಹುದು.

ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. 2024ರ ಜೂನ್‌ನಿಂದ ಈ ದರ ಇದೆ. ವೀಸಾ ಸಿಗದಿದ್ದರೂ ಈ ಹಣ ವಾಪಸ್ ಬರುವುದಿಲ್ಲ. ದೊಡ್ಡವರು ಒಬ್ಬೊಬ್ಬರಿಗೂ ಹತ್ತಿರ ಹತ್ತಿರ ಒಂಬತ್ತು ಸಾವಿರ ರೂಪಾಯಿ ಆಯಿತು. ನಲವತ್ತರ ಒಳಗಿನ ಆರೋಗ್ಯವಂತರಿಗೆ ಎರಡು ವಾರದ ಯೂರೋಪ್ ವಿಮೆ ಅದರ ಸಣ್ಣ ಪಾಲಿಗೇ ಸಿಗುತ್ತದೆ. ವೀಸಾಕ್ಕೆ ಮಾತಿಲ್ಲದೆ ಕಟ್ಟುವ ನಾವು ವಿಮೆಯಲ್ಲಿ ಇನ್ನೂರು ರೂಪಾಯಿ ಉಳಿಸಲು ಅರ್ಧ ರಾತ್ರಿ ಕೂರುತ್ತೇವೆ. ಆ ಹೊತ್ತನ್ನು ಬೆಲೆ ಹೋಲಿಸುವುದಕ್ಕಿಂತ ಪಾಲಿಸಿ ಓದಲು ಬಳಸಿದರೆ ಲಾಭ ಜಾಸ್ತಿ.

ಅರವತ್ತು ದಾಟಿದವರ ಲೆಕ್ಕವೇ ಬೇರೆ. ಪ್ರೀಮಿಯಂ ಒಮ್ಮೆಲೇ ಏರುತ್ತದೆ, ಎಪ್ಪತ್ತರ ಹೊತ್ತಿಗೆ ಇನ್ನೊಮ್ಮೆ ಏರುತ್ತದೆ. ಅಲ್ಲಿಂದಲೇ ಮನೆಯಲ್ಲಿ ಕಷ್ಟದ ಮಾತುಗಳು ಶುರುವಾಗುತ್ತವೆ.

ಅಮ್ಮ ಮೊದಲು ಹೇಳಿದ್ದು, "ನಂಗ್ಯಾಕೆ ಅಷ್ಟು ದುಡ್ಡು ಕೊಟ್ಟು ಮಾಡ್ಸ್ತೀಯಾ? ಮಕ್ಕಳಿಗೆ ಮಾಡ್ಸು ಸಾಕು." ಅಪ್ಪನದು ಇನ್ನೊಂದು ತರ. "ನಂಗೇನಾಗಿದೆ? ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತೀನಿ." ಹೊರಡುವ ಮುಂಚೆಯೇ ಆಸ್ಪತ್ರೆ, ಸಾವು ಅಂತ ಮಾತಾಡುವುದು ಅಪಶಕುನ ಅನ್ನುವ ಭಾವನೆ ಬೇರೆ. ನಮ್ಮಲ್ಲಿ ಯಾರಾದರೂ ಹೊರಟು ನಿಂತಾಗ "ಎಲ್ಲಿಗೆ" ಅಂತಲೂ ಕೇಳಬಾರದು ಅನ್ನುತ್ತಾರೆ. ಅಂಥ ಮನೆಯಲ್ಲಿ ದೇಹವನ್ನು ಊರಿಗೆ ತರಿಸುವ ಖರ್ಚಿನ ಸಾಲನ್ನು ಗಟ್ಟಿಯಾಗಿ ಓದುವುದು ಸುಲಭ ಅಲ್ಲ. ಆದರೂ ಓದಬೇಕು. ಹಿರಿಯರು ಆ ಸಾಲಿಗೆ ನಾವಂದುಕೊಂಡಷ್ಟು ಹೆದರುವುದಿಲ್ಲ. ಮಕ್ಕಳಿಗೆ ಖರ್ಚಾಗುತ್ತೆ ಅನ್ನುವುದೇ ಅವರಿಗೆ ದೊಡ್ಡ ಚಿಂತೆ.

ಒಬ್ಬ ಏಜೆಂಟ್ ಫೋನಿನಲ್ಲಿ ಒಂದು ಸಲಹೆ ಕೊಟ್ಟರು. "ಬಿಪಿ, ಶುಗರ್ ಬರೀಬೇಡಿ ಮೇಡಂ. ಬರೆದರೆ ಪ್ರೀಮಿಯಂ ಏರುತ್ತೆ, ಒಮ್ಮೊಮ್ಮೆ ಪಾಲಿಸಿನೇ ಸಿಗಲ್ಲ. ಎಲ್ರೂ ಹಾಗೇ ಮಾಡೋದು." ತುಂಬಾ ಸಹಜವಾಗಿ, ಉಪಕಾರ ಮಾಡುವ ದನಿಯಲ್ಲಿ ಹೇಳಿದರು. ನನಗೆ ಸಿಟ್ಟು ಬಂತು, ಇವತ್ತಿಗೂ ಆ ಸಿಟ್ಟು ಇಳಿದಿಲ್ಲ. ಪಾಲಿಸಿ ಮಾರಿದ ಕೂಡಲೇ ಅವರ ಕೆಲಸ ಮುಗಿಯುತ್ತದೆ. ಯಾವುದೋ ಊರಿನ ಆಸ್ಪತ್ರೆಯಲ್ಲಿ ಅಪ್ಪನನ್ನು ಸೇರಿಸಿ, ಕೌಂಟರಿನ ಮುಂದೆ ನಿಲ್ಲುವವಳು ನಾನು. ಅಪ್ಪ ಅಲ್ಲಿನ ಡಾಕ್ಟರಿಗೆ ನಿಜವನ್ನೇ ಹೇಳುತ್ತಾರೆ ಅಲ್ವಾ? "ಎಂಟು ವರ್ಷದಿಂದ ಬಿಪಿ ಮಾತ್ರೆ ತಗೋತಿದೀನಿ" ಅನ್ನುತ್ತಾರೆ. ಅದು ಕೇಸ್ ಶೀಟಿನಲ್ಲಿ ಬರುತ್ತದೆ. ಕ್ಲೇಮ್ ನೋಡುವವರು ಮೊದಲು ಓದುವುದು ಆ ಹಾಳೆಯನ್ನೇ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಎಲ್ಲರಿಗೂ ಗೊತ್ತಿರಬೇಕು. 2009ರಲ್ಲಿ ಒಬ್ಬರು ಸಂಬಂಧಿಕರ ಮದುವೆಗೆ ಅಮೆರಿಕಕ್ಕೆ ಹೋದರು. ಹೋಗುವ ಮುಂಚೆ ವಿದೇಶ ಪ್ರವಾಸದ ಮೆಡಿಕ್ಲೇಮ್ ಮಾಡಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಬೆವರು, ಸುಸ್ತು. ಆಸ್ಪತ್ರೆಗೆ ಸೇರಿಸಿದರು. ಹೃದಯದ ನಾಳಗಳಿಗೆ ಮೂರು ಸ್ಟೆಂಟ್ ಹಾಕಿದರು. ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿತು. ಕೊಲೆಸ್ಟರಾಲ್ ವಿಷಯ, ಅದಕ್ಕೆ ತೆಗೆದುಕೊಳ್ಳುತ್ತಿದ್ದ ಸ್ಟ್ಯಾಟಿನ್ ಮಾತ್ರೆಯ ವಿಷಯ ಹೇಳಿರಲಿಲ್ಲ ಅನ್ನುವುದು ಅದರ ವಾದ. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಅವರಿಗೆ ಸೋಲಾಯಿತು. ಕೊನೆಗೆ 2021ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಅವರ ಪರ ತೀರ್ಪು ಕೊಟ್ಟಿತು. ಅವರು ಅರ್ಜಿಯಲ್ಲಿ ಸಕ್ಕರೆ ಕಾಯಿಲೆ ಇದೆ ಅಂತ ಬರೆದಿದ್ದರು. ವೈದ್ಯಕೀಯ ತಪಾಸಣೆಯೂ ಆಗಿತ್ತು. ಎಲ್ಲವನ್ನೂ ನೋಡಿ ಪಾಲಿಸಿ ಕೊಟ್ಟ ಮೇಲೆ, ಆ ಸ್ಥಿತಿಯಿಂದಲೇ ಬರಬಹುದಾದ ತೊಂದರೆಯನ್ನು ಹಿಡಿದುಕೊಂಡು ಕಂಪನಿ ಕೈ ತೊಳೆದುಕೊಳ್ಳುವಂತಿಲ್ಲ ಅನ್ನುವುದು ಕೋರ್ಟಿನ ನಿಲುವು.

ನನಗೆ ಇದರಲ್ಲಿ ಎರಡು ವಿಷಯ ಕಾಣುತ್ತವೆ. ಒಂದು, ಅವರನ್ನು ಕಾಪಾಡಿದ್ದು ಅರ್ಜಿಯಲ್ಲಿ ಬರೆದ ಆ ಒಂದು ಸಾಲು. ಇನ್ನೊಂದು, ಸರಿಯಾಗಿ ಬರೆದಿದ್ದರೂ ನ್ಯಾಯ ಸಿಗಲು ಹನ್ನೆರಡು ವರ್ಷ ಬೇಕಾಯಿತು. ಬರೆಯದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ.

ಹಾಗಾಗಿ ಅರ್ಜಿ ತುಂಬುವ ಸಂಜೆ ಅಪ್ಪ ಅಮ್ಮನ ಮಾತ್ರೆ ಡಬ್ಬಿಗಳನ್ನು ಊಟದ ಮೇಜಿನ ಮೇಲೆ ಸುರಿದುಕೊಂಡು ಕೂತೆವು. ಅಪ್ಪನ ಮಾತ್ರೆಗಳೆಲ್ಲ ನನಗೆ ಗೊತ್ತಿದ್ದವು. ಅಮ್ಮ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ ಅನ್ನುವುದು ಅವತ್ತೇ ತಿಳಿದದ್ದು. "ಹೇಳೋ ಅಂಥದ್ದೇನಿದೆ ಅದರಲ್ಲಿ" ಅಂದಳು. ಡಾಕ್ಟರ್ ಹತ್ತಿರ ಹೋಗಿ ಇಬ್ಬರಿಗೂ ಒಂದೊಂದು ಚೀಟಿ ಬರೆಸಿದೆವು. ಯಾವ ಕಾಯಿಲೆ, ಎಷ್ಟು ವರ್ಷದಿಂದ, ಯಾವ ಮಾತ್ರೆ, ಈಗ ಹತೋಟಿಯಲ್ಲಿದೆ, ಪ್ರಯಾಣ ಮಾಡಬಹುದು ಅಂತ. ಮಾತ್ರೆಗಳಿಗೆ ಬ್ರಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ನಮ್ಮ ಬ್ರಾಂಡುಗಳು ಇಟಲಿಯ ಡಾಕ್ಟರಿಗೆ ಗೊತ್ತಿರುವುದಿಲ್ಲ.

ಆದರೆ ಕಾಯಿಲೆ ಬರೆದ ಮಾತ್ರಕ್ಕೆ ಎಲ್ಲಕ್ಕೂ ರಕ್ಷಣೆ ಸಿಕ್ಕಿತು ಅಂದುಕೊಳ್ಳಬಾರದು. ಹೆಚ್ಚಿನ ಪಾಲಿಸಿಗಳು ಮೊದಲೇ ಇರುವ ಕಾಯಿಲೆಗೆ ಜೀವಕ್ಕೆ ಅಪಾಯ ಆಗುವಂಥ ತುರ್ತು ಸ್ಥಿತಿಯಲ್ಲಿ ಮಾತ್ರ ಹಣ ಕೊಡುತ್ತವೆ. ಕೆಲವು ಅದನ್ನೂ ಕೊಡುವುದಿಲ್ಲ. ಅಗ್ಗದ ಪಾಲಿಸಿ ಮತ್ತು ಸ್ವಲ್ಪ ದುಬಾರಿ ಪಾಲಿಸಿಯ ನಡುವಿನ ವ್ಯತ್ಯಾಸ ಎಷ್ಟೋ ಸಲ ಈ ಒಂದೇ ಸಾಲಿನಲ್ಲಿದೆ. ಅಪ್ಪನಿಗೆ ಬಿಪಿ ಇದೆ. ಸ್ವಿಟ್ಜರ್‌ಲೆಂಡಿನಲ್ಲಿ ನಾವು ಹೋಗಬೇಕೆಂದಿದ್ದ ಯೂಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಇಲ್ಲ. ಅಲ್ಲಿ ಉಸಿರು ಕಟ್ಟಿ, ಎದೆ ಹಿಡಿದುಕೊಂಡರೆ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಬಹುದು. ಆಗ ಕಂಪನಿ "ಇದು ಹಳೇ ಬಿಪಿಯಿಂದ ಬಂದದ್ದು" ಅಂದುಬಿಟ್ಟರೆ? ನಾನು ಪಾಲಿಸಿಗಳನ್ನು ಹೋಲಿಸಿದ್ದು ಈ ಒಂದು ಪ್ರಶ್ನೆ ಇಟ್ಟುಕೊಂಡು. ಬೆಲೆ ನೋಡಿದ್ದು ಆಮೇಲೆ.

ಹಿರಿಯರ ಪಾಲಿಸಿಯಲ್ಲಿ ಇನ್ನೊಂದು ಜಾಗ ಕಣ್ಣಿಟ್ಟು ನೋಡಬೇಕು. ಮೊದಲ ಪುಟದಲ್ಲಿ 50,000 ಡಾಲರ್ ಅಂತ ದೊಡ್ಡದಾಗಿ ಇರುತ್ತದೆ. ಹಿಂದಿನ ಪುಟದಲ್ಲಿ, ಅರವತ್ತು ದಾಟಿದವರಿಗೆ ಕೋಣೆಯ ಬಾಡಿಗೆ ದಿನಕ್ಕೆ ಇಷ್ಟೇ, ಐಸಿಯುಗೆ ಇಷ್ಟೇ, ಆಪರೇಷನ್ ಮಾಡುವ ಡಾಕ್ಟರಿಗೆ ಇಷ್ಟೇ ಅಂತ ಒಂದು ಟೇಬಲ್ ಇರುತ್ತದೆ. ಇದನ್ನು ಸಬ್‌ಲಿಮಿಟ್ ಅನ್ನುತ್ತಾರೆ. ಒಂದೊಂದಕ್ಕೂ ಮಿತಿ ಹಾಕಿದ ಮೇಲೆ ಆ 50,000 ಡಾಲರ್ ಪೂರ್ತಿ ನಮ್ಮ ಕೈಗೆ ಬರುವ ಸಾಧ್ಯತೆಯೇ ಕಡಿಮೆ. ಸಬ್‌ಲಿಮಿಟ್ ಇಲ್ಲದ ಪಾಲಿಸಿಗಳೂ ಇವೆ, ಸ್ವಲ್ಪ ಜಾಸ್ತಿ ಬೆಲೆಗೆ. ಅಪ್ಪ ಅಮ್ಮನಿಗೆ ನಾವು ಅದನ್ನೇ ತೆಗೆದುಕೊಂಡೆವು. ಅವರಿಬ್ಬರ ಪಾಲಿಸಿಗೆ ನಮ್ಮ ನಾಲ್ವರದ್ದಕ್ಕಿಂತ ಜಾಸ್ತಿ ಖರ್ಚಾಯಿತು. ಅದು ಹಾಗೇ ಇರಬೇಕು ಅಂತ ನನ್ನ ಅಭಿಪ್ರಾಯ. ಮನೆಯಲ್ಲಿ ಅಪಾಯ ಎಲ್ಲಿ ಜಾಸ್ತಿಯೋ ಹಣವೂ ಅಲ್ಲಿಗೇ ಹೋಗಬೇಕು.

ನಾವು ನಾಲ್ವರಿಗೆ ಬೇರೆ ಪಾಲಿಸಿ. ಫ್ಯಾಮಿಲಿ ಫ್ಲೋಟರ್ ಸಾಮಾನ್ಯವಾಗಿ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಮಾಡಿದ್ದು. ಅಪ್ಪ ಅಮ್ಮನನ್ನು ಹೆಚ್ಚಿನ ಕಂಪನಿಗಳು ಅದರೊಳಗೆ ಸೇರಿಸಿಕೊಳ್ಳುವುದಿಲ್ಲ. ಫ್ಲೋಟರ್ ಅಗ್ಗ, ಆದರೆ ರಕ್ಷಣೆಯ ಮೊತ್ತ ಎಲ್ಲರಿಗೂ ಸೇರಿ ಒಂದೇ. ವೀಸಾಕ್ಕೆ ಒಬ್ಬೊಬ್ಬರಿಗೂ 30,000 ಯೂರೋ ಇರಬೇಕಲ್ಲ. ಹಾಗಾಗಿ ಪ್ರತಿಯೊಬ್ಬರ ಹೆಸರಿನ ಮುಂದೆ ಮೊತ್ತ ಬೇರೆ ಬೇರೆ ಬರುವ ಪಾಲಿಸಿ ಆರಿಸಿದೆವು. ವೀಸಾ ಕೌಂಟರಿನಲ್ಲಿ ಪ್ರಶ್ನೆ ಏಳುವುದಿಲ್ಲ, ಒಂದೇ ಅಪಘಾತದಲ್ಲಿ ಇಬ್ಬರಿಗೆ ಪೆಟ್ಟಾದರೂ ಮೊತ್ತ ಹಂಚಿಹೋಗುವುದಿಲ್ಲ.

ಇನ್ನು ಎಲ್ಲಿ ಉಳಿಸಿದೆವು ಅಂತ ಹೇಳುತ್ತೇನೆ. ಮೊದಲನೆಯದು ಲಗೇಜು. ದುಬಾರಿ ಪ್ಲಾನುಗಳಲ್ಲಿ ಲಗೇಜ್ ರಕ್ಷಣೆಯನ್ನು ದೊಡ್ಡದಾಗಿ ತೋರಿಸುತ್ತಾರೆ. ಓದಿದರೆ, ಚೆಕ್-ಇನ್ ಮಾಡಿದ ಪೆಟ್ಟಿಗೆ ಪೂರ್ತಿ ಕಳೆದುಹೋದರೆ ಮಾತ್ರ. ಚಿನ್ನ, ನಗದು ಹಣ ಸೇರುವುದಿಲ್ಲ. ಅದಕ್ಕಿಂತ ಮುಖ್ಯ, ಪೆಟ್ಟಿಗೆಗೆ ವಿಮಾನ ಕಂಪನಿಯೇ ಹೊಣೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಒಬ್ಬರಿಗೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಬಳಸುವ ಲೆಕ್ಕದ ಘಟಕದಲ್ಲಿ 1,519 ಎಸ್‌ಡಿಆರ್‌ವರೆಗೆ, ಅಂದರೆ ಸುಮಾರು ಎರಡು ಸಾವಿರ ಡಾಲರ್‌ವರೆಗೆ ಪರಿಹಾರ ಕೇಳಬಹುದು. 2024ರ ಡಿಸೆಂಬರ್ ಕೊನೆಯಲ್ಲಿ ಈ ಮಿತಿ ಏರಿತು. ಭಾರತವೂ ಈ ಒಪ್ಪಂದದಲ್ಲಿದೆ. ವಿಮಾನ ನಿಲ್ದಾಣ ಬಿಡುವ ಮುಂಚೆಯೇ ದೂರು ಬರೆಸಿ ನಂಬರ್ ತೆಗೆದುಕೊಳ್ಳಬೇಕು. ಪೆಟ್ಟಿಗೆ ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಬರವಣಿಗೆಯಲ್ಲಿ ಕೇಳಬೇಕು. ಇಷ್ಟು ಗೊತ್ತಿದ್ದರೆ ಲಗೇಜಿಗಾಗಿ ಪ್ರೀಮಿಯಂ ಏರಿಸಿಕೊಳ್ಳುವ ಅಗತ್ಯ ಇಲ್ಲ.

ಪ್ರವಾಸ ರದ್ದಾದರೆ ಹಣ ಕೊಡುವ ರಕ್ಷಣೆಯನ್ನೂ ನಾವು ಚಿಕ್ಕದಾಗಿ ಇಟ್ಟೆವು. ಅದು ಪಟ್ಟಿಯಲ್ಲಿರುವ ಕಾರಣಗಳಿಗೆ ಮಾತ್ರ. ಹತ್ತಿರದವರ ಸಾವು, ಗಂಭೀರ ಕಾಯಿಲೆ, ಹೀಗೆ. ರಜೆ ಸಿಗಲಿಲ್ಲ, ಮನಸ್ಸು ಬದಲಾಯಿತು ಅಂದರೆ ನಡೆಯುವುದಿಲ್ಲ. ಅದಕ್ಕೆ ಕೊಡುವ ಹಣದಲ್ಲಿ ರದ್ದು ಮಾಡಬಹುದಾದ ಹೋಟೆಲ್ ಕೊಠಡಿ ತೆಗೆದುಕೊಳ್ಳುವುದೇ ಮೇಲು. ವಿಮಾನ ತಡವಾದರೆ ಕೊಡುವ ಐವತ್ತು, ನೂರು ಡಾಲರ್ ಕೂಡ ಇಲ್ಲದಿದ್ದರೆ ನಷ್ಟ ಇಲ್ಲ. ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲಿ ನಾವೇ ಕೊಡಬೇಕಾದ ಮೊದಲ ಪಾಲು, ನೂರು ಡಾಲರ್ ಇದ್ದರೂ ಒಪ್ಪಿಕೊಳ್ಳಬಹುದು. ಜ್ವರ, ಹೊಟ್ಟೆನೋವಿನ ಖರ್ಚು ನಾವೇ ಕೊಡಬಲ್ಲೆವು. ನಮ್ಮ ಉಳಿತಾಯವನ್ನೇ ಕರಗಿಸುವ ಖರ್ಚಿಗೆ ತಾನೇ ವಿಮೆ ಬೇಕಾಗಿರುವುದು?

ಟಿಕೆಟ್ ಬುಕ್ ಮಾಡುವಾಗ ಕೊನೆಯ ಪುಟದಲ್ಲಿ ಬರುವ ಸಣ್ಣ ವಿಮೆಗಳನ್ನು ನಾನು ತೆಗೆದುಕೊಳ್ಳುವುದಿಲ್ಲ. ನಮ್ಮನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವುದನ್ನು 2023ರಲ್ಲಿ ಕೇಂದ್ರ ಸರ್ಕಾರ ತಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಮರುಳು ಮಾಡುವ ಆನ್‌ಲೈನ್ ತಂತ್ರ) ಮಾರ್ಗಸೂಚಿ ನಿಷೇಧಿಸಿದೆ. ಆದರೂ ಹಣ ಕಟ್ಟುವ ಮುಂಚೆ ಒಮ್ಮೆ ಬಿಲ್ ನೋಡಿ. ರೈಲಿನದು ಬೇರೆ ಮಾತು. ಐಆರ್‌ಸಿಟಿಸಿಯಲ್ಲಿ ಒಬ್ಬರಿಗೆ 45 ಪೈಸೆಗೆ ಸಿಗುವ ವಿಮೆಯಲ್ಲಿ ರೈಲು ಅಪಘಾತದಲ್ಲಿ ಸಾವಾದರೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷ ಇದೆ. ಟಿಕ್ ಹಾಕಿದ ಮೇಲೆ ಮೊಬೈಲಿಗೆ ಬರುವ ಲಿಂಕಿನಲ್ಲಿ ನಾಮಿನಿ ಹೆಸರು ತುಂಬಿ. ಎಷ್ಟೋ ಜನ ಅದನ್ನು ತೆರೆಯುವುದೇ ಇಲ್ಲ. ದೇಶದೊಳಗಿನ ಪ್ರವಾಸಕ್ಕೆ ಬೇರೆ ವಿಮೆ ಹುಡುಕುವ ಮುಂಚೆ ಮನೆಯ ಆರೋಗ್ಯ ವಿಮೆ ತೆಗೆದು ನೋಡಿ. ಅದು ಕಾಶಿಯಲ್ಲೂ ನಡೆಯುತ್ತದೆ, ಕೇದಾರದ ತಪ್ಪಲಿನಲ್ಲೂ ನಡೆಯುತ್ತದೆ.

ಮಕ್ಕಳು ದೊಡ್ಡವರಾಗಿರುವ ಮನೆಗಳಿಗೆ ಒಂದು ಮಾತು. ಥಾಯ್ಲೆಂಡ್, ಬಾಲಿಯಲ್ಲಿ ಬಾಡಿಗೆ ಸ್ಕೂಟರ್ ಓಡಿಸಲು ಆ ದೇಶ ಒಪ್ಪುವ ಲೈಸೆನ್ಸ್ ಬೇಕು. ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಇಲ್ಲದೆ, ಅಥವಾ ಕಾರಿನ ಲೈಸೆನ್ಸ್ ಮಾತ್ರ ಇಟ್ಟುಕೊಂಡು ಓಡಿಸಿ ಬಿದ್ದರೆ ಕ್ಲೇಮ್ ನಿಲ್ಲುವುದು ಕಷ್ಟ. ಕುಡಿದಿದ್ದರೆ ಮುಗಿದೇ ಹೋಯಿತು. ಪ್ಯಾರಾಗ್ಲೈಡಿಂಗ್, ಸ್ಕೀಯಿಂಗ್‌ಗೆ ಬೇರೆ ಸೇರ್ಪಡೆ ಬೇಕಾ ಅಂತ ಮೊದಲೇ ಕೇಳಿ.

ಪಾಲಿಸಿ ಕೈಗೆ ಬಂದ ಮೇಲೆ ಅದರಲ್ಲಿರುವ ಸಹಾಯವಾಣಿ ನಂಬರನ್ನು ಎಲ್ಲರ ಫೋನಿನಲ್ಲೂ ಹಾಕಿಕೊಳ್ಳಬೇಕು. ಅಪ್ಪನ ಹಳೇ ಫೋನಿನಲ್ಲೂ. ಆಸ್ಪತ್ರೆಗೆ ಸೇರುವ ಮುಂಚೆ, ಆಗದಿದ್ದರೆ ಸೇರಿದ 24 ಗಂಟೆಯೊಳಗೆ ಅವರಿಗೆ ಹೇಳಬೇಕು ಅಂತ ಹೆಚ್ಚಿನ ಪಾಲಿಸಿಗಳಲ್ಲಿದೆ. ಕ್ಯಾಶ್‌ಲೆಸ್ ವ್ಯವಸ್ಥೆ ಮಾಡುವವರೂ ಅವರೇ. ಜೀವಕ್ಕೆ ಅಪಾಯ ಅನ್ನಿಸಿದರೆ ಮೊದಲು ಯೂರೋಪಿನ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಆಮೇಲೆ ಕಂಪನಿಗೆ. ಕ್ಲೇಮಿನಲ್ಲಿ ಕಂಪನಿ ಸತಾಯಿಸಿದರೆ ಮೊದಲು ಅದರದ್ದೇ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲೂ ಆಗದಿದ್ದರೆ ಇಂಥ ದೂರು ಕೇಳಿ ತೀರ್ಮಾನ ಮಾಡುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಯೂರೋಪ್ ಪ್ರವಾಸ ಚೆನ್ನಾಗಿ ನಡೆಯಿತು. ಅಪ್ಪ ಯೂಂಗ್‌ಫ್ರಾವ್‌ಯೋಖ್‌ಗೆ ಬಂದರು, ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಇಳಿದರು. ಪಾಲಿಸಿ ತೆರೆಯುವ ಪ್ರಸಂಗ ಬರಲಿಲ್ಲ. ಹಣ ದಂಡ ಆಯಿತು ಅಂತ ಮನೆಯಲ್ಲಿ ಯಾರೂ ಅನ್ನಲಿಲ್ಲ, ಅಮ್ಮ ಕೂಡ.

ಈಗ ಮನೆಯಲ್ಲಿ ನಡೆಯುತ್ತಿರುವುದು ಅಮೆರಿಕದ ಮಾತು. ತಂಗಿಯ ಬಾಣಂತನಕ್ಕೆ ಅಮ್ಮ ಹೊರಟಿದ್ದಾಳೆ. ಕರ್ನಾಟಕದ ಎಷ್ಟೋ ತಾಯಂದಿರು ಹೀಗೆ ಹೋಗಿ ಬರುತ್ತಾರೆ. ಅಮೆರಿಕದ ವಿಸಿಟರ್ ವೀಸಾಕ್ಕೆ ವಿಮೆ ಕಡ್ಡಾಯ ಅಲ್ಲ. ಅದೇ ಅಪಾಯ. ಕೇಳುವವರಿಲ್ಲ ಅಂತ ವಿಮೆ ಇಲ್ಲದೇ ಹೋಗುವವರಿದ್ದಾರೆ. ಅಲ್ಲಿ 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿ ರೂಮಿಗೆ ಬಂದವರನ್ನು ಹಣ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ನಿಜ. ಆದರೆ ಬಿಲ್ ಆಮೇಲೆ ಬಂದೇ ಬರುತ್ತದೆ. ಹೃದಯದ ಒಂದು ಆಪರೇಷನ್ನಿಗೆ ಅಲ್ಲಿ 50,000 ಡಾಲರ್ ಸಾಲುವುದಿಲ್ಲ.

ತಂಗಿ ಕಳಿಸಿದ ಪಟ್ಟಿಯಲ್ಲಿ ಎರಡು ಜಾತಿಯ ಪ್ಲಾನುಗಳಿದ್ದವು. ಒಂದು ಅಗ್ಗದ್ದು. ಡಾಕ್ಟರ್ ಭೇಟಿಗೆ ಇಷ್ಟು, ಒಂದು ದಿನದ ಆಸ್ಪತ್ರೆಗೆ ಇಷ್ಟು ಅಂತ ನಿಗದಿ ಮಾಡಿದ ಹಣ ಮಾತ್ರ ಕೊಡುತ್ತದೆ. ಬಿಲ್ ಅದರ ಹತ್ತು ಪಟ್ಟು ಬಂದರೂ ಅಷ್ಟೇ. ಇನ್ನೊಂದು ಕಾಂಪ್ರಹೆನ್ಸಿವ್. ಡಿಡಕ್ಟಿಬಲ್ ಕಳೆದು, ಶುರುವಿನ ಮೊತ್ತದಲ್ಲಿ ಒಂದು ಪಾಲು ನಾವು ಕೊಟ್ಟರೆ ಮಿಕ್ಕದ್ದು ಪಾಲಿಸಿಯ ಮಿತಿಯವರೆಗೆ ಅದರದ್ದು. ಆಸ್ಪತ್ರೆಗಳ ನೆಟ್‌ವರ್ಕ್ ಇರುತ್ತದೆ. ಹಳೇ ಕಾಯಿಲೆ ಒಮ್ಮೆಲೇ ಉಲ್ಬಣಿಸಿದರೆ ಅಂತ ಬೇರೆ ಷರತ್ತಿದೆ. ಎಷ್ಟು ಗಂಟೆಯೊಳಗೆ ಚಿಕಿತ್ಸೆ ಪಡೆಯಬೇಕು, ಎಷ್ಟು ವಯಸ್ಸಿನವರೆಗೆ ಅನ್ನುವುದನ್ನೆಲ್ಲ ಅಲ್ಲೇ ಓದಬೇಕು. ಆರು ತಿಂಗಳಿಗೆ ಎರಡನೆಯದರ ಪ್ರೀಮಿಯಂ ಕೇಳಿ ತಂಗಿ ಸುಮ್ಮನಾದಳು. ಬಾಣಂತನದ ಖರ್ಚು ಅವಳಿಗೆ ಮೊದಲೇ ಸಾಕಷ್ಟಿದೆ.

ನಾನು ಹೇಳಿದ್ದು ಇಷ್ಟು. ಪ್ರೀಮಿಯಂ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ. ಹಣ ಸಾಲದಿದ್ದರೆ ದಿನ ಕಡಿಮೆ ಮಾಡೋಣ, ರಕ್ಷಣೆ ಕಡಿಮೆ ಮಾಡುವುದು ಬೇಡ. ಅಮ್ಮ ಒಳ್ಳೆ ವಿಮೆಯ ಜೊತೆ ಮೂರು ತಿಂಗಳು ಇದ್ದು ಬರಲಿ, ಮುಂದಿನ ಮೂರು ತಿಂಗಳಿಗೆ ತಂಗಿಯ ಅತ್ತೆ ಹೋಗಲಿ. ತಂಗಿ ಒಪ್ಪಿದ್ದಾಳೆ. ಅಮ್ಮ ಒಪ್ಪಿಲ್ಲ. ಮಗು ಮಗುಚಿಕೊಳ್ಳುವುದನ್ನು, ಅಂಬೆಗಾಲಿಡುವುದನ್ನು ನೋಡದೆ ಹೇಗೆ ಬರಲಿ ಅಂತ ಕೇಳುತ್ತಾಳೆ. ಮಿಕ್ಕ ಮೂರು ತಿಂಗಳ ಪ್ರೀಮಿಯಂ ನಾವು ಒಡಹುಟ್ಟಿದವರೆಲ್ಲ ಹಂಚಿಕೊಳ್ಳಬಹುದಾ ಅಂತ ಈ ಭಾನುವಾರ ಮತ್ತೆ ಕೂತು ಮಾತಾಡಲಿದ್ದೇವೆ.